‘ಮನೆಗೆ ಕರಕೊಂಡು ಹೋಗಿ’ ಅಂದರು. ಮುಂದೇನು?

ಕುಮಟಾ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನಿಗೆ 71 ವರ್ಷ. ಬಾಯಿ ಕ್ಯಾನ್ಸರ್, ಬಲಗಡೆ ದವಡೆ. ಕಳೆದ ವರ್ಷ ಆಪರೇಷನ್ ಆಯಿತು, ಆಮೇಲೆ ರೇಡಿಯೇಷನ್. ಈಗ ಮತ್ತೆ ಬಂದಿದೆ. ಕುತ್ತಿಗೆಗೂ ಇಳಿದಿದೆ. ಹೋದ ಸೋಮವಾರ ಡಾಕ್ಟರ್ ಸ್ಕ್ಯಾನ್ ನೋಡಿ ನಮ್ಮವರನ್ನು ಮಾತ್ರ ಒಳಗೆ ಕರೆದರು. ಇನ್ನು ಮಾಡೋದು ಏನೂ ಇಲ್ಲ, ಮನೆಗೆ ಕರಕೊಂಡು ಹೋಗಿ, ಬೇಕಾದ್ದು ತಿನ್ನಿಸಿ ಅಂದರಂತೆ. ಬೇಕಾದ್ದು ತಿನ್ನಿಸಬೇಕಂತೆ! ಮೂಗಿನಲ್ಲಿ ಟ್ಯೂಬ್ ಇದೆ ಮಾರಾಯ್ರೇ. ಗಂಜಿ ತಿಳಿಯನ್ನು ಸಿರಿಂಜಿನಲ್ಲಿ ಹಾಕುತ್ತಿದ್ದೇವೆ.

ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ನೋವಿನ ಗುಳಿಗೆ, ಒಂದು ಗ್ಯಾಸಿನ ಗುಳಿಗೆ. ಅಷ್ಟೇ. ರಾತ್ರಿ ಎರಡಕ್ಕೆಲ್ಲ ಎದ್ದು ಕೂತು ಗೋಡೆಗೆ ತಲೆ ಒತ್ತಿಕೊಳ್ಳುತ್ತಾರೆ. ಮಾತು ಬರುವುದಿಲ್ಲ, ನನ್ನ ಮಗಳ ಸ್ಲೇಟಿನಲ್ಲಿ ಬರೆದು ತೋರಿಸುತ್ತಾರೆ. ಇವರಿಗೆ ಅಂಗಡಿ ಬಿಟ್ಟು ಬರಲು ಆಗುವುದಿಲ್ಲ. ಹಗಲೆಲ್ಲ ನಾನು ಮತ್ತು ಅತ್ತೆ. ಗಾಯದ ವಾಸನೆ ಜಾಸ್ತಿಯಾಗಿದೆ. ಅತ್ತೆ ಮೂಗಿಗೆ ಸೆರಗು ಹಿಡಿದು ಬರುತ್ತಾರೆ, ಹಾಗೆ ಹಿಡಿದದ್ದಕ್ಕೇ ಹೊರಗೆ ಹೋಗಿ ಅಳುತ್ತಾರೆ.

ಹಾಸ್ಪಿಸ್ ಅಂತ, ಗುಣವಾಗದ ರೋಗಿಗಳನ್ನು ಕೊನೆವರೆಗೆ ನೋಡಿಕೊಳ್ಳುವ ಜಾಗ ಇರುತ್ತದಂತೆ. ನಮ್ಮ ಕಡೆ ಎಲ್ಲಿ? ಸುಮ್ನೆ ಕಾಯುತ್ತಾ ಕೂರಬೇಕಾ? ಇನ್ನೊಂದು, ಮಾವನಿಗೆ ನಾವು ಏನೂ ಹೇಳಿಲ್ಲ. ಗಾಯ ಮಾಯಲು ಟೈಮ್ ಬೇಕು ಅಂದಿದ್ದೇವೆ.

ಘಟ್ಟದ ಮೇಲಿನವ, ಶಿರಸಿ

ಅಕ್ಕ, ನಿಮ್ಮ ‘ರಾತ್ರಿ ಎರಡು’ ಓದಿ ಎದೆ ಹಿಂಡಿತು. ನಮ್ಮ ಆಯಿಗೆ ಸ್ತನ ಕ್ಯಾನ್ಸರ್ ಇತ್ತು, ಕೊನೆಗೆ ಬೆನ್ನುಮೂಳೆಗೆ ಬಂತು. ಆಗ ಅಡಿಕೆ ಕೊಯ್ಲು. ಮನೆ ತುಂಬ ಆಳುಗಳು, ಅಂಗಳದಲ್ಲಿ ಅಡಿಕೆ ಸುಲಿಯುವ ಗದ್ದಲ, ಒಳಗೆ ಆಯಿ ಹಲ್ಲು ಕಚ್ಚಿ ಮಲಗಿದ್ದಳು. ಮಾರ್ಫಿನ್ ಅಂತ ಜೋರು ನೋವಿನ ಔಷಧ ಇದೆಯಲ್ಲ, ಅದು ಕೊನೆ ಎರಡು ದಿನಕ್ಕೆ ಕೊಡುವಂಥದ್ದು ಅಂತ ನಮ್ಮ ನೆಂಟರೊಬ್ಬರು ಹೇಳಿದ್ದರು. ನಾನೂ ನಂಬಿದೆ. ಅದನ್ನು ಕೊಟ್ಟರೆ ಆಸೆ ಬಿಟ್ಟ ಹಾಗೆ ಅಂತ ಅನ್ನಿಸಿತ್ತು. 40 ದಿನ ಹಾಗೇ ಹೋಯಿತು. ಅದರ ಲೆಕ್ಕ ನನ್ನ ತಲೆಯಲ್ಲಿ ಇನ್ನೂ ಇದೆ.

ಆಮೇಲೆ ಮೂರು ಮೆಡಿಕಲ್ ಶಾಪಿನಲ್ಲಿ ಕೇಳಿದೆ. ಗಾಂಜಾ ಕೇಳಿದವನನ್ನು ನೋಡಿದ ಹಾಗೆ ನೋಡಿದರು. ಕೊನೆಗೆ ಹುಬ್ಬಳ್ಳಿಗೆ ಹೋದೆವು. ಅಲ್ಲಿ ಇನ್ನೂ ಒಂದು ಗೊತ್ತಾಯಿತು. ಮೂಳೆ ನೋವಿಗೆ ಒಂದೇ ಸಲದ ರೇಡಿಯೇಷನ್ ಕೊಡುತ್ತಾರೆ, ರೋಗ ವಾಸಿ ಮಾಡಲಿಕ್ಕಲ್ಲ, ನೋವು ಇಳಿಸಲಿಕ್ಕೆ. ಎರಡು ವಾರದಲ್ಲಿ ಆಯಿ ಮಗ್ಗುಲು ತಿರುಗಿ ಮಲಗಿದಳು. ಬೇಗ ಕೇಳಿದ್ದರೆ ಬೇಗ ಸಿಗುತ್ತಿತ್ತು.

ನರ್ಸಕ್ಕ, ಅಂಕೋಲಾ

ತಂಗಿ, ಮೊದಲು ಇವತ್ತು ರಾತ್ರಿಯದ್ದು ನೋಡೋಣ. ಹಾಸ್ಪಿಸ್ ಎಲ್ಲಿದೆ ಅನ್ನುವುದು ಆಮೇಲೆ.

ನಾನು ಬೆಂಗಳೂರಿನಲ್ಲಿ ಇಂಥ ರೋಗಿಗಳ ನಡುವೆಯೇ ಆರು ವರ್ಷ ಕೆಲಸ ಮಾಡಿದವಳು. ಔಷಧ ಬರೆಯುವ ಅಧಿಕಾರ ನನಗಿಲ್ಲ. ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ಹೇಳಿಕೊಡಬಲ್ಲೆ.

ವಾಸನೆಗೆ ಔಷಧ ಇದೆ. ಮೆಟ್ರೊನಿಡಜೋಲ್ ಅಂತ, ಭೇದಿಗೆ ಕೊಡುತ್ತಾರಲ್ಲ, ಅದೇ ಗುಳಿಗೆ. ಅದನ್ನು ನುಣ್ಣಗೆ ಪುಡಿ ಮಾಡಿ ತೊಳೆದ ಗಾಯದ ಮೇಲೆ ಉದುರಿಸಿ ಬ್ಯಾಂಡೇಜ್ ಹಾಕುವುದು ಹಾಸ್ಪಿಸ್‌ಗಳಲ್ಲಿ ದಿನನಿತ್ಯದ ಕೆಲಸ. ಹತ್ತಿರದ ಡಾಕ್ಟರನ್ನು ಕೇಳಿ, ಇದನ್ನು ಬರೆಯಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಒಣಗಿದ ಬ್ಯಾಂಡೇಜ್ ಕಿತ್ತು ತೆಗೆಯಬೇಡಿ. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಚೆನ್ನಾಗಿ ನೆನೆಸಿ, ತಾನಾಗಿ ಬಿಡಬೇಕು. ನಮ್ಮ ಕರಾವಳಿ ಸೆಖೆಗೆ ನೊಣ ಬಿಡುವುದಿಲ್ಲ, ಹಗಲಲ್ಲೂ ಸೊಳ್ಳೆಪರದೆ ಕಟ್ಟಿ. ಹುಳ ಕಂಡರೆ ಗಾಬರಿಯಾಗಬೇಡಿ, ನಾಚಿಕೆಯೂ ಬೇಡ. ನೀವು ಸ್ವಚ್ಛ ಇಟ್ಟಿಲ್ಲ ಅಂತ ಅಲ್ಲ ಅದು. ನರ್ಸಿಗೆ ಹೇಳಿ, ತೆಗೆಯುವ ಕ್ರಮ ಇದೆ.

ನೋವಿನದು ದೊಡ್ಡ ವಿಷಯ. ‘ನೋವು ಬಂದಾಗ ಕೊಡಿ’ ಅಂತ ಚೀಟಿಯಲ್ಲಿ ಇದೆಯಾ? ಕ್ಯಾನ್ಸರ್ ನೋವಿಗೆ ಆ ಲೆಕ್ಕ ನಡೆಯುವುದಿಲ್ಲ. ನೋವು ಬರುವುದಕ್ಕೆ ಮೊದಲೇ, ಗಡಿಯಾರ ನೋಡಿ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದ್ದು ಇದು. ಸಾದಾ ಮಾರ್ಫಿನ್ ಗುಳಿಗೆ ನಾಲ್ಕು ಗಂಟೆ ಕೆಲಸ ಮಾಡುತ್ತದೆ, ಹಾಗಾಗಿ ನಾಲ್ಕು ಗಂಟೆಗೊಮ್ಮೆ. ಮಲಗುವಾಗ ಡಾಕ್ಟರು ಸಾಮಾನ್ಯವಾಗಿ ಎರಡು ಸಲದ್ದನ್ನು ಒಟ್ಟಿಗೆ ಬರೆಯುತ್ತಾರೆ, ಮಧ್ಯರಾತ್ರಿ ಎಬ್ಬಿಸುವುದು ತಪ್ಪುತ್ತದೆ. ನಡುವೆ ನೋವು ಚುಚ್ಚಿದರೆ ಕೊಡಲು ಹೆಚ್ಚುವರಿ ಒಂದು ಬೇರೆ ಬರೆಸಿಕೊಳ್ಳಿ. ಟ್ಯೂಬಿನಲ್ಲಿ ಕೊಡಬೇಕು ಅಂತ ಮರೆಯದೆ ಹೇಳಿ. ಸಾದಾ ಗುಳಿಗೆ ಪುಡಿ ಮಾಡಿ ನೀರಲ್ಲಿ ಕಲಸಬಹುದು. ಎಸ್‌ಆರ್ ಅಂತ ಬರೆದ ಗುಳಿಗೆ ಬರುತ್ತದೆ, ನಿಧಾನಕ್ಕೆ ಕರಗುವಂಥದ್ದು, ಅದನ್ನು ಪುಡಿ ಮಾಡಲೇಬಾರದು. ಹನ್ನೆರಡು ಗಂಟೆಯ ಔಷಧ ಒಂದೇ ಏಟಿಗೆ ಒಳಗೆ ಹೋಗುತ್ತದೆ.

ಚಟ ಹತ್ತುತ್ತದೆ ಅಂತ ಯಾರಾದರೂ ಹೇಳಿದರೆ ಅವರನ್ನು ಒಂದು ರಾತ್ರಿ ಮಾವನ ಪಕ್ಕದಲ್ಲಿ ಕೂರಿಸಿ.

ಹಳೇ ಮಾಸ್ತರ, ಹೊನ್ನಾವರ

ಮಲೆನಾಡಿನ ಕಡೆ ನಾಟಿ ಔಷಧ ಕೊಡುವವರಿದ್ದಾರೆ. ಚಕ್ಕೆ ಕಷಾಯ. ದೂರದ ಊರುಗಳಿಂದ ಜನ ರಾತ್ರಿಯೇ ಬಂದು ಪಾಳಿಯಲ್ಲಿ ನಿಲ್ಲುತ್ತಾರೆ. ಒಮ್ಮೆ ನೋಡಬಹುದಲ್ಲ. ನನ್ನ ತಮ್ಮನಿಗೆ ತಂದಿದ್ದೆ.

ಘಟ್ಟದ ಮೇಲಿನವ, ಶಿರಸಿ

ಮಾಸ್ತರೇ, ತಪ್ಪು ತಿಳಿಯಬೇಡಿ, ತಮ್ಮನವರಿಗೆ ಗುಣ ಆಯಿತಾ?

ಹಳೇ ಮಾಸ್ತರ, ಹೊನ್ನಾವರ

ಇಲ್ಲ. ಆದರೆ ನಾನು ಏನೋ ಮಾಡಿದೆ ಅನ್ನಿಸಿತು.

ನರ್ಸಕ್ಕ, ಅಂಕೋಲಾ

ಮಾಸ್ತರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಏನೋ ಮಾಡಬೇಕು ಅನ್ನಿಸುವುದು ಸಹಜ. ಆದರೆ ನುಂಗಲಾರದವರಿಗೆ ದಿನಕ್ಕೆ ಮೂರು ಲೋಟ ಕಹಿ ಕಷಾಯ ಇಳಿಸುವುದು ಯಾರ ಸಮಾಧಾನಕ್ಕೆ? ಏನಾದರೂ ಮಾಡಲೇಬೇಕು ಅನ್ನುವವರಿಗೆ ಕೆಲಸ ಬೇಕಾದಷ್ಟಿದೆ. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿ. ಬಾಯಿ ಒಣಗದ ಹಾಗೆ ಉಪ್ಪು, ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಹತ್ತಿ ಬಟ್ಟೆ ಅದ್ದಿ ಒರೆಸಿ. ತುಟಿಗೆ ತುಪ್ಪ ಸವರಿ.

ಸದಾಶಿವಗಡದವ

ಹಾಸ್ಪಿಸ್ ಎಲ್ಲಿ ಅಂತ ಕೇಳಿದ್ದೀರಿ. ಕಾರವಾರದವರಿಗೆ ಗೋವಾ ಹತ್ತಿರ. ಮಡಗಾಂವ್ ಹತ್ತಿರ ಲೋಟುಲಿಯಲ್ಲಿ ಶಾಂತಿ ಅವೇದ್ನಾ ಸದನದ ಶಾಖೆ ಇದೆ. ನಮ್ಮ ದೇಶದ ಮೊದಲ ಹಾಸ್ಪಿಸ್ ಅದೇ ಸಂಸ್ಥೆ 1986ರಲ್ಲಿ ಮುಂಬೈನ ಬಾಂದ್ರಾದಲ್ಲಿ ತೆರೆದದ್ದು. ನಮ್ಮ ದೊಡ್ಡಪ್ಪನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ, ಅಲ್ಲಿಗೆ ಕರಕೊಂಡು ಹೋಗಿದ್ದೆವು. ದುಡ್ಡು ಕೇಳಲಿಲ್ಲ. ಬೆಂಗಳೂರಿನ ಮಾರತ್‌ಹಳ್ಳಿ ಕಡೆಯ ಕರುಣಾಶ್ರಯವೂ ಹಾಗೇ, ಉಚಿತ. ಉಡುಪಿ ಕಡೆಗಾದರೆ ಮಣಿಪಾಲ. ಅಲ್ಲಿನ ಕೆಎಂಸಿ ಆಸ್ಪತ್ರೆಯಲ್ಲಿ ಇದಕ್ಕೇ ಒಂದು ವಿಭಾಗ ಇದೆ, ಹಾವಂಜೆಯಲ್ಲಿ ಹಾಸ್ಪಿಸ್ ಕೂಡ ಮಾಡಿದ್ದಾರೆ.

ಆದರೆ ದೂರ ನೋಡಿ. ಎಲ್ಲಕ್ಕೂ ನಮ್ಮ ಜಿಲ್ಲೆ ದಾಟಿಯೇ ಹೋಗಬೇಕು. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತಲ್ಲ, ಆಗ ಪಕ್ಕದ ಮನೆಯವರ ಮಾರ್ಫಿನ್ ನಾಲ್ಕು ದಿನಕ್ಕಷ್ಟೇ ಉಳಿದಿತ್ತು. ನಾನು ರೈಲಿನಲ್ಲಿ ಹೋಗಿ ತಂದೆ. ಮಳೆಗಾಲದಲ್ಲಿ ಒಂದು ವಾರದ್ದಾದರೂ ಹೆಚ್ಚಿಗೆ ಬರೆಸಿಕೊಳ್ಳಿ.

ಕೈಗಾ ಪಕ್ಕದವ

ನಮ್ಮ ಜಿಲ್ಲೆಯಲ್ಲಿ ಇಷ್ಟು ಕ್ಯಾನ್ಸರ್ ಯಾಕೆ ಅಂತ ಯಾರೂ ಕೇಳುವುದಿಲ್ಲ ಯಾಕೆ?

ಘಟ್ಟದ ಮೇಲಿನವ, ಶಿರಸಿ

ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಮಾರಾಯ್ರೇ, ಬರುತ್ತೇನೆ. ಬಾಯಿ ಕ್ಯಾನ್ಸರ್ ಅಂದರೆ ಮೊದಲು ನೋಡಬೇಕಾದ್ದು ನಮ್ಮ ಕವಳದ (ಎಲೆ ಅಡಿಕೆಯ) ತಟ್ಟೆ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಬರೆದಿದೆ. ನಾಲ್ಕು ಎಕರೆ ತೋಟ ಇಟ್ಟುಕೊಂಡು ನಾನೇ ಹೇಳುತ್ತಿದ್ದೇನೆ. ಬೈಯುವುದಿದ್ದರೆ ಅಲ್ಲಿ ಬೈಯಿರಿ. ಇಲ್ಲಿ ಬೇಡ.

ಬೆಂಗಳೂರು ಬಾಡಿಗೆಮನೆ

ಎಲ್ಲರೂ ಕೈಚೆಲ್ಲುವ ಮಾತೇ ಆಡುತ್ತಿದ್ದೀರಿ. ಇಮ್ಯುನೊಥೆರಪಿ ಅಂತ ಬಂದಿದೆ, ಮೈಯ ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರ್ ಎದುರಿಸುವ ಚಿಕಿತ್ಸೆ. ದೊಡ್ಡ ಆಸ್ಪತ್ರೆಗೆ ತನ್ನಿ, ಐಸಿಯು ಇದೆ. ಕೊನೆಯವರೆಗೂ ಪ್ರಯತ್ನ ಪಡದೆ ಮನೆಯಲ್ಲಿ ಮಲಗಿಸಿದರೆ ನಾಳೆ ನಿಮಗೇ ಬೇಸರ ಆಗುತ್ತದೆ.

ಸದಾಶಿವಗಡದವ

ನಮ್ಮ ಅಪ್ಪನಿಗೆ ನಾವು ಅದನ್ನೇ ಮಾಡಿದ್ದು. 11 ದಿನ ವೆಂಟಿಲೇಟರ್. ದಿನಕ್ಕೆ ಎರಡು ಸಲ ಹತ್ತು ನಿಮಿಷ ಗಾಜಿನಾಚೆಯಿಂದ ನೋಡಿದೆವು. ಕೈ ಕಟ್ಟಿದ್ದರು, ಟ್ಯೂಬ್ ಎಳೆದುಕೊಳ್ಳುತ್ತಾರೆ ಅಂತ. ದೊಡ್ಡಪ್ಪನನ್ನು ಗೋವಾಕ್ಕೆ ಕರಕೊಂಡು ಹೋಗಿದ್ದು ಇದಾದ ಮೇಲೆ. ಬೇಸರ ಯಾವುದರಲ್ಲಿ ಜಾಸ್ತಿ ಅಂತ ನನಗೆ ಗೊತ್ತು.

ನರ್ಸಕ್ಕ, ಅಂಕೋಲಾ

ಬೆಂಗಳೂರಿನವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಇನ್ನೊಬ್ಬ ಕ್ಯಾನ್ಸರ್ ಡಾಕ್ಟರಿಗೆ ಫೈಲ್ ತೋರಿಸಿ, ಒಮ್ಮೆ. ಫೈಲ್ ಹೋದರೆ ಸಾಕು, ಮಾವನನ್ನು ಕಾರಿನಲ್ಲಿ ಅಲೆದಾಡಿಸಬೇಡಿ. ಇಮ್ಯುನೊಥೆರಪಿ ಕೆಲವರಿಗೆ ಸ್ವಲ್ಪ ಆಯಸ್ಸು ಕೊಡುತ್ತದೆ, ಸುಳ್ಳಲ್ಲ. ಎಷ್ಟು ಖರ್ಚು, ಎಷ್ಟು ದಿನ, ಆ ದಿನಗಳು ಹೇಗಿರುತ್ತವೆ, ಮೂರನ್ನೂ ಒಟ್ಟಿಗೆ ಕೇಳಿ. ಮೊದಲನೆಯದನ್ನು ಮಾತ್ರ ಕೇಳಿ ಗದ್ದೆ ಅಡ ಇಟ್ಟವರನ್ನು ನೋಡಿದ್ದೇನೆ.

ಇನ್ನೊಂದು ಮಾತು. ಕ್ಯಾನ್ಸರ್ ಚಿಕಿತ್ಸೆ ನಡೆಯುವಾಗಲೇ ನೋವಿನ ಚಿಕಿತ್ಸೆಯೂ ನಡೆಯಬೇಕು. ಅದು ಮುಗಿದ ಮೇಲೆ ಇದು ಅಂತ ಪಾಳಿ ಇಲ್ಲ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಶುರು ಮಾಡಿದ ಸಿಸೆಲಿ ಸಾಂಡರ್ಸ್ ನರ್ಸ್ ಆಗಿದ್ದವರು, ಸಮಾಜ ಕಾರ್ಯಕರ್ತೆ ಆದರು, ಆಮೇಲೆ ಡಾಕ್ಟರ್ ಓದಿದರು. ನೋವು ಬರೀ ಮೈಯದಲ್ಲ, ಸಾಲದ್ದು, ಮಕ್ಕಳದ್ದು, ಭಯದ್ದು ಎಲ್ಲ ಸೇರಿ ಒಂದೇ ನೋವು ಅಂತ ಅವರು ಕಲಿಸಿದರು. ನಿಮ್ಮ ಮಾವನ ಸ್ಲೇಟ್ ನೋಡಿ, ಅದರಲ್ಲಿ ಮೈಯದಲ್ಲದ್ದೂ ಬರುತ್ತದೆ.

ಆಶಾ, ಅಘನಾಶಿನಿ ದಂಡೆ

ನಾನು ಆಶಾ ಕಾರ್ಯಕರ್ತೆ. ಇಂಥ ಮನೆಗಳಿಗೆ ಹೋಗುತ್ತೇನೆ, ಬಿಪಿ ನೋಡಿ ಬರುತ್ತೇನೆ, ಬೇರೆ ಏನು ಮಾಡಬೇಕು ಅಂತ ನನಗೂ ಯಾರೂ ಹೇಳಿಕೊಟ್ಟಿಲ್ಲ. ಕೇರಳದಲ್ಲಿ ಪಂಚಾಯತಿಗೊಬ್ಬ ನರ್ಸ್ ಮನೆಮನೆಗೆ ಹೋಗುತ್ತಾರಂತೆ, ನಿಜವಾ?

ನರ್ಸಕ್ಕ, ಅಂಕೋಲಾ

ನಿಜ ತಂಗಿ. ಕೋಳಿಕ್ಕೋಡಿನಲ್ಲಿ 1993ರಲ್ಲಿ ಕೆಲವು ಡಾಕ್ಟರುಗಳು ಸೇರಿ ಒಂದು ಸಣ್ಣ ಕ್ಲಿನಿಕ್ ಮಾಡಿದರು. ಆಮೇಲೆ ಊರವರೇ ಕೈಹಾಕಿದರು. ಯಾರೋ ಜೀಪ್ ಕೊಟ್ಟರು, ಯಾರೋ ಅಕ್ಕಿ ಕೊಟ್ಟರು, ಕಾಲೇಜು ಹುಡುಗರು ಮನೆಗಳಿಗೆ ಹೋಗಿ ಕೂತರು. 2008ರಲ್ಲಿ ಸರ್ಕಾರವೇ ಅದನ್ನು ನೀತಿ ಮಾಡಿತು. ಇದಕ್ಕೆ ಉಪಶಾಮಕ ಆರೈಕೆ ಅನ್ನುತ್ತಾರೆ, ನೋವು ಸಂಕಟ ಇಳಿಸುವ ಆರೈಕೆ. ಜಗತ್ತಿನಲ್ಲಿ ಇದು ಬೇಕಾದವರಲ್ಲಿ ನೂರಕ್ಕೆ ಸುಮಾರು 14 ಜನರಿಗೆ ಮಾತ್ರ ಸಿಗುತ್ತಿದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದಕ್ಕೆ ಕೇಂದ್ರ ಸರ್ಕಾರದ ಕಾರ್ಯಕ್ರಮ 2012ರಿಂದ ಇದೆ. ಹಾಗಾಗಿ ಜಿಲ್ಲಾ ಆಸ್ಪತ್ರೆಗೆ ಹೋಗಿ ‘ಉಪಶಾಮಕ ಆರೈಕೆ ಯಾರು ನೋಡುತ್ತಾರೆ, ಮಾರ್ಫಿನ್ ಇದೆಯಾ’ ಅಂತ ಕೇಳಿ. ಕೇಳುವುದು ನಮ್ಮ ಹಕ್ಕು. ಮೊದಲು ಮಾರ್ಫಿನ್ ಇಡಲು ನಾಲ್ಕಾರು ಲೈಸೆನ್ಸ್ ಬೇಕಿತ್ತು, ಆಸ್ಪತ್ರೆಗಳಿಗೆ ಬೇಡವೇ ಬೇಡ ಅನ್ನಿಸಿತ್ತು. 2014ರಲ್ಲಿ ಕಾನೂನು ಬದಲಾಯಿತು. ಮಾನ್ಯತೆ ಪಡೆದ ಆಸ್ಪತ್ರೆ ಇಟ್ಟುಕೊಳ್ಳಬಹುದು. ಪೇಟೆ ಮೆಡಿಕಲ್ ಶಾಪಿನಲ್ಲಿ ಅಲೆದು ಉಪಯೋಗವಿಲ್ಲ.

ಕುಮಟಾ ಸೊಸೆ (ಒಂಬತ್ತು ದಿನದ ನಂತರ)

ಎಲ್ಲರಿಗೂ ಉತ್ತರ ಬರೆಯಲು ಆಗಲಿಲ್ಲ, ಕ್ಷಮಿಸಿ. ಮೆಟ್ರೊನಿಡಜೋಲ್ ಮೂರೇ ದಿನದಲ್ಲಿ ಕೆಲಸ ಮಾಡಿತು. ವಾಸನೆ ಪೂರ್ತಿ ಹೋಗಿಲ್ಲ, ಆದರೆ ಅತ್ತೆ ಈಗ ಹತ್ತಿರ ಕೂತು ಹೂ ಕಟ್ಟುತ್ತಾರೆ.

ಫೈಲ್ ಇನ್ನೊಬ್ಬರಿಗೆ ತೋರಿಸಿದೆವು, ಅವರೂ ಅದನ್ನೇ ಹೇಳಿದರು. ಮಣಿಪಾಲಕ್ಕೆ ಒಂದೇ ಸಲ ಕರಕೊಂಡು ಹೋಗಿ ಬಂದೆವು. ಮಾರ್ಫಿನ್ ಸಿಕ್ಕಿತು. ಮೊದಲ ರಾತ್ರಿ ಹನ್ನೊಂದರಿಂದ ಐದರವರೆಗೆ ನಿದ್ದೆ. ನಾವು ಮೂವರೂ ನಿದ್ದೆ ಮಾಡಲಿಲ್ಲ! ಸರದಿಯಲ್ಲಿ ಹೋಗಿ ಮೂಗಿನ ಹತ್ತಿರ ಕೈ ಹಿಡಿದು ನೋಡಿದೆವು. ಬೆಳಿಗ್ಗೆ ಎದ್ದು ಸ್ಲೇಟಿನಲ್ಲಿ ‘ಯಕ್ಷಗಾನ’ ಅಂತ ಬರೆದರು. ಮೊಬೈಲಿನಲ್ಲಿ ಹಾಕಿಕೊಟ್ಟೆ. ಚೆಂಡೆ ಬಂದಾಗ ಬೆರಳು ಹಾಸಿಗೆ ಮೇಲೆ ತಾಳ ಹಾಕುತ್ತಿತ್ತು.

ಐದು ದಿನ ಕಕ್ಕಸ್ಸಿಗೆ ಹೋಗಿಲ್ಲ, ಏನು ಮಾಡಲಿ?

ಮತ್ತೊಂದು. ನಿನ್ನೆ ಸ್ಲೇಟಿನಲ್ಲಿ ‘ಇನ್ನೆಷ್ಟು ದಿನ?’ ಅಂತ ಬರೆದು ಮಗಳ ಕೈಗೆ ಕೊಟ್ಟರು. ಅವಳಿಗೆ ಎಂಟು ವರ್ಷ. ಅಡುಗೆಮನೆಗೆ ಓಡಿ ಬಂದು, ಅಮ್ಮ, ಅಜ್ಜ ನನ್ನ ರಜೆ ಎಷ್ಟು ದಿನ ಅಂತ ಕೇಳ್ತಿದ್ದಾರೆ ಅಂದಳು. ನಾನು ಒಲೆ ಮುಂದೆಯೇ ಕೂತುಬಿಟ್ಟೆ.

ನರ್ಸಕ್ಕ, ಅಂಕೋಲಾ

ಆ ನಿದ್ದೆ ಅಷ್ಟು ದಿನದ ಬಾಕಿ. ಹೆದರಬೇಡಿ, ಎರಡು ಮೂರು ದಿನದಲ್ಲಿ ಮಂಪರು ಕಡಿಮೆಯಾಗುತ್ತದೆ. ವಾಕರಿಕೆಯೂ ಹಾಗೇ. ಮಲಬದ್ಧತೆ ಮಾತ್ರ ತಾನಾಗಿ ಹೋಗುವುದಿಲ್ಲ. ಮಾರ್ಫಿನ್ ಇರುವಷ್ಟು ದಿನ ಅದೂ ಇರುತ್ತದೆ. ಮಲ ಸಡಿಲ ಮಾಡುವ ಔಷಧ ದಿನವೂ ಬೇಕು. ಇವತ್ತೇ ಫೋನ್ ಮಾಡಿ ಬರೆಸಿಕೊಳ್ಳಿ, ಐದು ದಿನ ಜಾಸ್ತಿಯಾಯಿತು.

ಸ್ಲೇಟಿನ ವಿಷಯ. ಅವರಿಗೆ ಗೊತ್ತಿದೆ ತಂಗಿ. ನಿಮಗೆ ಬೇಸರ ಆಗಬಾರದು ಅಂತ ಅವರು ಸುಮ್ಮನಿದ್ದಾರೆ, ಅವರಿಗೆ ಬೇಸರ ಆಗಬಾರದು ಅಂತ ನೀವು. ಒಂದೇ ಮನೆಯಲ್ಲಿ ಎಲ್ಲರೂ ಒಂಟಿ. ದಿನದ ಲೆಕ್ಕ ಹೇಳಬೇಡಿ, ಅದು ಡಾಕ್ಟರಿಗೂ ಗೊತ್ತಿರುವುದಿಲ್ಲ. ‘ನಿಮಗೆ ಏನನ್ನಿಸುತ್ತಿದೆ?’ ಅಂತ ಮಗ ಕೇಳಲಿ. ಕೇಳಿ ಸುಮ್ಮನೆ ಕೂರಲಿ. ಸ್ಲೇಟ್ ತುಂಬಲಿ.

ಇದನ್ನು ಹೇಳಲು ಹಿಂಜರಿಕೆ, ಆದರೆ ಹೇಳದಿದ್ದರೆ ತಪ್ಪಾಗುತ್ತದೆ. ಕುತ್ತಿಗೆ ಗಡ್ಡೆಯಿಂದ ಕೆಲವೊಮ್ಮೆ ದೊಡ್ಡ ರಕ್ತನಾಳ ಒಡೆಯುತ್ತದೆ. ಎಲ್ಲರಿಗೂ ಆಗುವುದಿಲ್ಲ. ಗಾಢ ಬಣ್ಣದ ಎರಡು ಟವೆಲ್ ಮಂಚದ ಹತ್ತಿರ ಇರಲಿ, ಬಿಳಿ ಬಟ್ಟೆಯಲ್ಲಿ ರಕ್ತ ನೋಡಿ ರೋಗಿ ಹೆದರುತ್ತಾರೆ. ಹಾಗೇನಾದರೂ ಆದರೆ ಓಡಾಡಬೇಡಿ, ಟವೆಲ್ ಒತ್ತಿ ಹಿಡಿದು ಪಕ್ಕದಲ್ಲೇ ಇರಿ. ಮಗುವಿಗೆ ಆ ಕೋಣೆಯ ಕೆಲಸ ಹೇಳುವಾಗ ಇದು ನೆನಪಿರಲಿ.

ಕುಮಟಾ ಸೊಸೆ

ಮಗ ಕೇಳಿದರು. ಮಾವ ಬಹಳ ಹೊತ್ತು ಬರೆದರು, ಒರೆಸಿದರು, ಮತ್ತೆ ಬರೆದರು. ಸೊಸೈಟಿ ಸಾಲ 18 ಸಾವಿರ ಇದೆಯಂತೆ, ನಮಗೆ ಗೊತ್ತೇ ಇರಲಿಲ್ಲ. ಕೆಳಗಿನ ಗದ್ದೆ ಪಂಪ್ ರಿಪೇರಿಗೆ ಕೊಟ್ಟದ್ದು ವಾಪಸ್ ತರಬೇಕಂತೆ. ಅತ್ತೆಗೆ ಕಣ್ಣಿನ ಆಪರೇಷನ್ ಮಾಡಿಸಬೇಕಂತೆ. ಕೊನೆಗೆ ‘ಮೆಷಿನ್ ಬೇಡ. ಮನೆ.’

ವಕೀಲ ಭಾವ

ಆ ಕೊನೆಯ ಸಾಲನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಚಿಕಿತ್ಸೆ ಬೇಡ ಅನ್ನುವ ಮುನ್ಸೂಚನಾ ಪತ್ರಕ್ಕೆ 2018ರಲ್ಲಿ ಸುಪ್ರೀಂ ಕೋರ್ಟ್ ಮಾನ್ಯತೆ ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು, ನಡೆಯುವ ಮಾತಾಗಿರಲಿಲ್ಲ. 2023ರ ಜನವರಿಯಲ್ಲಿ ಸರಳ ಮಾಡಿದರು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. 2025ರ ಜನವರಿ ಕೊನೆಗೆ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಸುತ್ತೋಲೆ ಹೊರಡಿಸಿತು. ತಮ್ಮ ಪರವಾಗಿ ಮಾತಾಡುವವರು ಯಾರು ಅಂತ ಹೆಸರು ಹಾಕಬೇಕು. ರಾತ್ರಿ ಗಾಬರಿಯಾಗಿ ಯಾರೋ ಆಂಬುಲೆನ್ಸ್ ಕರೆದರೂ ಈ ಕಾಗದ ಕೈಯಲ್ಲಿರುತ್ತದೆ.

ಮನೆಯಲ್ಲೇ ತೀರಿಕೊಂಡರೆ, ನೋಡುತ್ತಿದ್ದ ಡಾಕ್ಟರಿಂದ 4ಎ ನಮೂನೆಯಲ್ಲಿ ಮರಣದ ಕಾರಣ ಬರೆಸಿ, 21 ದಿನದೊಳಗೆ ನೋಂದಣಿ ಮಾಡಿಸಿ. ಈಗಲೇ ಹೇಳಿದೆ ಅಂತ ಸಿಟ್ಟಾಗಬೇಡಿ.

ಬೆಂಗಳೂರು ಬಾಡಿಗೆಮನೆ

ನಾನು ಮೊದಲು ಬರೆದದ್ದಕ್ಕೆ ಸ್ವಲ್ಪ ನಾಚಿಕೆಯಾಗುತ್ತಿದೆ. ನಾನು ದೂರದಲ್ಲಿದ್ದೇನೆ, ಅದಕ್ಕೆ ಜೋರಾಗಿ ಹೇಳಿದೆ ಅನ್ನಿಸುತ್ತದೆ. ಅಕ್ಕ, ನಿಮಗೆ ನಿದ್ದೆ ಇದೆಯಾ?

ಕುಮಟಾ ಸೊಸೆ

ಇಲ್ಲಿ ಇದನ್ನು ಕೇಳಿದ್ದು ನೀವೊಬ್ಬರೇ. ಅಘನಾಶಿನಿ ಕಡೆಯ ಆಶಾ ಅಕ್ಕ ಈಗ ಮಂಗಳವಾರ, ಶುಕ್ರವಾರ ಮಧ್ಯಾಹ್ನ ಬರುತ್ತಾರೆ. ನಮ್ಮ ಊರು ಅವರ ಲೆಕ್ಕಕ್ಕೆ ಬರುವುದಿಲ್ಲ, ಆದರೂ ಬರುತ್ತಾರೆ. ನಾನು ಎರಡು ಗಂಟೆ ಮಲಗುತ್ತೇನೆ.

ಕುಮಟಾ ಸೊಸೆ (ಐದು ವಾರದ ನಂತರ)

ಮಾವ ಗುರುವಾರ ಬೆಳಗಿನ ಜಾವ ಹೋದರು. ಮನೆಯಲ್ಲೇ. ರಕ್ತ ಏನೂ ಬರಲಿಲ್ಲ. ಹಿಂದಿನ ದಿನ ಗಂಟಲಲ್ಲಿ ಗೊರಗೊರ ಶುರುವಾಯಿತು. ನರ್ಸಕ್ಕ ಫೋನಿನಲ್ಲಿ ಹೇಳಿದ ಹಾಗೆ ಮಗ್ಗುಲಿಗೆ ಮಲಗಿಸಿದೆವು. ಸಲೈನ್ ಹಾಕಿಸಿ ಅಂತ ನೆಂಟರು ಒತ್ತಾಯ ಮಾಡಿದರು, ಹಾಕಿಸಲಿಲ್ಲ. ಆ ನೀರು ಎದೆಯಲ್ಲಿ ನಿಂತು ಉಸಿರಾಟ ಇನ್ನೂ ಕಷ್ಟ ಆಗುತ್ತದೆ ಅಂತ ನರ್ಸಕ್ಕ ಹೇಳಿದ್ದರು. ಅತ್ತೆ ತುಟಿಗೆ ತುಪ್ಪ ಸವರುತ್ತಾ ಕೂತಿದ್ದರು. ಗದ್ದೆ ಪಂಪ್ ರಿಪೇರಿಯಾಗಿ ಬಂದಿದೆ, ಅವರಿಗೆ ಶಬ್ದ ಕೇಳಿಸಿದ್ದೆವು.

ಮಾರ್ಫಿನ್ 22 ಗುಳಿಗೆ ಉಳಿದಿವೆ. ಏನು ಮಾಡಲಿ?

ನರ್ಸಕ್ಕ, ಅಂಕೋಲಾ

ಕೊಟ್ಟ ಆಸ್ಪತ್ರೆಗೇ ವಾಪಸ್ ಕೊಡಿ, ಚೀಟಿ ಸಮೇತ. ಬೇರೆ ಯಾರಿಗೂ ಕೊಡಬೇಡಿ, ಎಷ್ಟೇ ನೋವಿದ್ದವರಾದರೂ. ಹದಿಮೂರು ಮುಗಿಯಲಿ, ಆಮೇಲೆ ಒಮ್ಮೆ ಬರುತ್ತೇನೆ.

ಕುಮಟಾ ಸೊಸೆ

ಬನ್ನಿ ಅಕ್ಕ. ಏರ್ ಬೆಡ್ ಕೂಡ ಇದೆ, ಎರಡು ತಿಂಗಳೂ ಬಳಸಿಲ್ಲ. ಯಾರಿಗಾದರೂ ಬೇಕಾ?

ಹಳೇ ಮಾಸ್ತರ, ಹೊನ್ನಾವರ

ನಮ್ಮ ಬೀದಿಯಲ್ಲಿ ಒಬ್ಬರಿಗೆ ಬೇಕು. ಹೆಂಗಸು, ಹೊಟ್ಟೆ ಕ್ಯಾನ್ಸರ್. ನಾಳೆ ಟೆಂಪೋದಲ್ಲಿ ಬಂದು ನಾನೇ ತಗೊಂಡು ಹೋಗುತ್ತೇನೆ.

ಕುಮಟಾ ಸೊಸೆ

ಹತ್ತು ಗಂಟೆ ಮೇಲೆ ಬನ್ನಿ ಮಾಸ್ತರೇ. ಬೆಡ್ಡಿಗೆ ಗಾಳಿ ತುಂಬುವ ಪಂಪಿನ ಪೈಪ್ ಒಂದು ಕಡೆ ಸಡಿಲ ಇದೆ, ಪ್ಲಾಸ್ಟರ್ ಸುತ್ತಿದ್ದೇನೆ. ರಾತ್ರಿ ಕರೆಂಟ್ ಹೋದರೆ ಗಾಳಿ ಇಳಿಯುತ್ತದೆ, ಅವರಿಗೆ ಹೇಳಿಬಿಡಿ.